ಒಂದು ಮಾತ್ರೆ ಹಿಂದೆ ಬಿದ್ದ ದನಿ

ಈ ಪ್ರಕರಣದಲ್ಲಿ ಮೊದಲ ತಪ್ಪು ನನ್ನದು. ಅದನ್ನು ಈಗಲೇ ಒಪ್ಪಿಕೊಂಡು ಮುಂದೆ ಹೋಗುತ್ತೇನೆ. ಹಾಡಿದವರ ಹೆಸರು, ಊರು ಬರೆಯುವುದಿಲ್ಲ. ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಕೆಲಸ ನಡೆದ ಕ್ರಮ ಮಾತ್ರ ಇದ್ದ ಹಾಗೇ ಇದೆ.

ಮನೆಯಲ್ಲಿ ರೆಕಾರ್ಡ್ ಮಾಡಿದ ಹಾಡುಗಳನ್ನು ತರಿಸಿಕೊಂಡು ಮಿಕ್ಸ್ ಮಾಡಿಕೊಡುವುದು ನನ್ನ ಕೆಲಸ. ಬರುವ ಫೈಲುಗಳಲ್ಲಿ ಅರ್ಧದಷ್ಟರಲ್ಲಿ ಫ್ಯಾನಿನ ಸದ್ದು, ಇನ್ನರ್ಧದಲ್ಲಿ ಕುಕ್ಕರ್ ವಿಷಲ್ಲು. ಅವಕ್ಕೆಲ್ಲ ಏನು ಮಾಡಬೇಕು ಅಂತ ಗೊತ್ತಿದೆ. ಈ ಸಲ ಬಂದಿದ್ದು ಬೇರೆ ತರದ್ದು.

ಹಿನ್ನೆಲೆ

ಮಲೆನಾಡಿನ ಒಂದು ಸಣ್ಣ ಊರು. ಅಲ್ಲಿ ಮನೆಯಲ್ಲೇ ಕರ್ನಾಟಕ ಸಂಗೀತ ಹೇಳಿಕೊಡುವ ಒಬ್ಬ ಮೇಡಂ. ಐವತ್ತು ದಾಟಿದೆ. ಪಾಠ ಶುರು ಮಾಡಿ ಮೂವತ್ತು ವರ್ಷ ಆಗಿದೆ. ನವರಾತ್ರಿಯ ಹೊತ್ತಿಗೆ ಆರು ಹಾಡು ಮುಗಿಸಿ ಶಿಷ್ಯರಿಗೂ ಹೊರದೇಶದಲ್ಲಿರುವ ನೆಂಟರಿಗೂ ಕಳಿಸಬೇಕು ಅಂತ ಅವರ ಆಸೆ. ಆರರಲ್ಲಿ ಎರಡು ಉಗಾಭೋಗ, ನಾಲ್ಕು ದೇವರನಾಮ. ದೇವರನಾಮಗಳಿಗೆ ಬೆಂಗಳೂರಿನ ಹುಡುಗನೊಬ್ಬ ಕೀಬೋರ್ಡು, ತಬಲಾ ಹಾಕಿ ಟ್ರ್ಯಾಕ್ ಕಳಿಸಿದ್ದ. ಮೇಡಂ ಅದರ ಮೇಲೆ ಹಾಡಿ ದನಿ ಮಾತ್ರ ನನಗೆ ಕಳಿಸಬೇಕು.

ಸಾಮಾನು ಇಷ್ಟೇ: ಒಂದು ವಿಂಡೋಸ್ ಲ್ಯಾಪ್‌ಟಾಪ್, ಯುಎಸ್‌ಬಿ ಕಂಡೆನ್ಸರ್ ಮೈಕು, ಅಡಾಸಿಟಿ ಅನ್ನುವ ರೆಕಾರ್ಡಿಂಗ್ ತಂತ್ರಾಂಶ, ಮತ್ತೆ ಮಗ ಹುಟ್ಟುಹಬ್ಬಕ್ಕೆ ಕೊಡಿಸಿದ ಬ್ಲೂಟೂತ್ ಹೆಡ್‌ಫೋನು. ತಂಗಿಯ ಮಗ ಪಿಯುಸಿ ಓದುವವನು, ಅವನೇ ಎಂಜಿನಿಯರ್ರು. ಮಲಗುವ ಕೋಣೆಯಲ್ಲಿ ಸೀರೆಯ ಬೀರು ಬಾಗಿಲು ತೆರೆದು, ಗೋಡೆಗೆ ರಜಾಯಿ ನೇತುಹಾಕಿ, ನೆಲದ ಮೇಲೆ ಚಕ್ಕಳಮಕ್ಕಳ ಕೂತು ಹಾಡುತ್ತಿದ್ದರು. ಹಂಚಿನ ಮನೆ. ಮಳೆ ಬಂದರೆ ಅವತ್ತಿಗೆ ರೆಕಾರ್ಡಿಂಗ್ ಇಲ್ಲ. ನಿಜ ಹೇಳಬೇಕೆಂದರೆ, ಆ ಕೋಣೆ ನಾನು ಕೇಳಿದ ಎಷ್ಟೋ ‘ಸ್ಟುಡಿಯೋ’ಗಳಿಗಿಂತ ಚೆನ್ನಾಗಿತ್ತು. ಬೀರು ತುಂಬ ಮಡಿಸಿಟ್ಟ ಹತ್ತಿ ಸೀರೆಗಳಷ್ಟು ಚೆನ್ನಾಗಿ ಸದ್ದು ಹೀರುವ ವಸ್ತು ಮನೆಯಲ್ಲಿ ಬೇರೆ ಸಿಗುವುದು ಕಷ್ಟ.

ವೈರ್‌ಲೆಸ್ ಯಾಕೆ ಅಂತ ಆಮೇಲೆ ಕೇಳಿದ್ದೆ. ಕಾರಣ ಸರಿಯಾಗಿಯೇ ಇತ್ತು. ಅವರು ಹಾಡುವಾಗ ಬಲಗೈಯಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಾರೆ. ವೈರಿದ್ದರೆ ಕೈಗೆ ಸಿಕ್ಕಿಕೊಳ್ಳುತ್ತದೆ. ಮೇಲಿಂದ ಈ ಹೆಡ್‌ಫೋನಿನಲ್ಲಿ ಹಾಡು ಕೇಳೋಕೆ ತುಂಬಾ ಚೆನ್ನಾಗಿದೆ. ಅದೂ ಸುಳ್ಳಲ್ಲ. ಸದ್ದಿನ ಗುಣದ ಬಗ್ಗೆ ನನ್ನ ತಕರಾರು ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ.

ಕೆಟ್ಟಿದ್ದು

ಮೊದಲು ಎರಡೂ ಉಗಾಭೋಗ ಬಂದವು. ಬರೀ ತಂಬೂರಿ ಶ್ರುತಿಗೆ ಹಾಡಿದ್ದು. ದನಿ ಸ್ವಚ್ಛ, ಶ್ರುತಿ ಒಂದು ಕೂದಲೂ ಆಚೀಚೆ ಇಲ್ಲ. ಅರ್ಧ ದಿನದಲ್ಲಿ ಕೆಲಸ ಮುಗಿಸಿ ಕಳಿಸಿದೆ.

ಮೂರನೆಯದು ಆದಿತಾಳದ ದೇವರನಾಮ. ಟ್ರ್ಯಾಕಿನ ಪಕ್ಕ ದನಿ ಇಟ್ಟು ಪ್ಲೇ ಒತ್ತಿದೆ. ಎಲ್ಲ ಸಾಲೂ ತಡವಾಗಿ ಬರುತ್ತಿದೆ. ಸಿಕ್ಕಾಪಟ್ಟೆ ತಡವೂ ಅಲ್ಲ. ಬೇಕಂತಲೇ ಎಡುಪು, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗ, ತಡ ಮಾಡಿ ಎತ್ತಿಕೊಂಡ ಹಾಗೆ.

ನಾನು ಜಾರಿದ್ದು ಇಲ್ಲೇ. ಟ್ರ್ಯಾಕಿನ ವೇಗ ನಿಮಿಷಕ್ಕೆ 80. ಅಂದರೆ ತಾಳದ ಒಂದು ಎಣಿಕೆಗೆ, ಒಂದು ಅಕ್ಷರಕ್ಕೆ, 750 ಮಿಲಿಸೆಕೆಂಡು. ಚತುರಶ್ರ ಗತಿಯಲ್ಲಿ ಅದನ್ನು ನಾಲ್ಕು ಮಾತ್ರೆ ಮಾಡಿದರೆ ಒಂದೊಂದಕ್ಕೂ 187 ಚಿಲ್ಲರೆ. ಮೇಡಂ ದನಿ ಹಿಂದೆ ಬಿದ್ದಿದ್ದು 200ರ ಆಸುಪಾಸು. ಹೆಚ್ಚುಕಡಿಮೆ ಸರಿಯಾಗಿ ಒಂದು ಮಾತ್ರೆ! 100 ಮಿಲಿಸೆಕೆಂಡು ತಡವಾಗಿದ್ದರೆ ಕಿವಿಗೆ ಅಡ್ಡಾದಿಡ್ಡಿ ಕೇಳಿ ಇದು ಯಂತ್ರದ ತಪ್ಪು ಅಂತ ಹೊಳೆಯುತ್ತಿತ್ತೋ ಏನೋ. ಒಂದು ಮಾತ್ರೆಯ ಲೆಕ್ಕಕ್ಕೆ ಬಂದು ಕೂತಿದ್ದರಿಂದ ಅದು ಹಾಡಿದವರ ತಪ್ಪಿನ ಹಾಗೆ ಕೇಳಿತು.

ಫೋನ್ ಮಾಡಿದೆ. “ಮೇಡಂ, ಎಡುಪು ಸ್ವಲ್ಪ ಹಿಂದೆ ಬೀಳ್ತಾ ಇದೆ. ಒಂಚೂರು ಮುಂಚೆ ಎತ್ಕೊಳ್ಳಿ” ಅಂದೆ.

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ, “ನೋಡಪ್ಪಾ, ಮೂವತ್ತು ವರ್ಷದಿಂದ ಮಕ್ಕಳಿಗೆ ತಾಳ ಹಾಕಿಸ್ತಾ ಇದೀನಿ. ಎಡುಪು ಎಲ್ಲಿ ಅಂತ ನಂಗೆ ಗೊತ್ತು” ಅಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ವಾಸಿ ಇತ್ತು.

ಆದರೂ ಮತ್ತೆ ಹಾಡಿ ಕಳಿಸಿದರು. ಈ ಸಲ ನನ್ನ ಮಾತು ಕೇಳಿ ಮುಂಚೆ ಎತ್ತಿಕೊಳ್ಳಲು ಹೋಗಿದ್ದರು. ಪಲ್ಲವಿ ಒಂದು ತರ, ಅನುಪಲ್ಲವಿ ಇನ್ನೊಂದು ತರ, ಚರಣದಲ್ಲಿ ಉಸಿರೇ ಸಿಕ್ಕಿಲ್ಲ. ಮೊದಲ ಟೇಕಿನಲ್ಲಿ ತಡವಾದರೂ ಹಾಡು ಹಾಡಾಗಿತ್ತು. ಎರಡನೆಯದರಲ್ಲಿ ಅದೂ ಹೋಯಿತು. ಲಯ ಗಟ್ಟಿ ಇರುವವರಿಗೆ ಲಯ ತಪ್ಪಿಸಲು ಹೇಳಿಕೊಟ್ಟ ಹಾಗಾಯಿತು.

ಮಾಡಿ ನೋಡಿದ್ದು

ಮೊದಲು ಸುಲಭದ ದಾರಿ ಹಿಡಿದೆ. ಮೊದಲ ಟೇಕನ್ನೇ ತೆಗೆದುಕೊಂಡು ಇಡೀ ದನಿಯನ್ನು ಸುಮಾರು 210 ಮಿಲಿಸೆಕೆಂಡ್ ಎಡಕ್ಕೆ, ಅಂದರೆ ಅಷ್ಟು ಮುಂಚೆ ಬರುವ ಹಾಗೆ, ಸರಿಸಿದೆ. ಪಲ್ಲವಿ ತಟ್ಟನೆ ಕೂತಿತು! ಹಾಗಾದರೆ ತಡ ಒಂದೇ ಸಮ ಇದೆ, ಹಾಡಿದವರದ್ದಲ್ಲ, ದಾರಿಯದ್ದು ಅಂತ ಅವತ್ತೇ ಗೊತ್ತಾಗಬೇಕಿತ್ತು. ಅರ್ಧ ಗೊತ್ತಾಯಿತು. ಲ್ಯಾಪ್‌ಟಾಪ್ ನಿಧಾನ ಇರಬೇಕು ಅಂದುಕೊಂಡೆ.

ಅಡಾಸಿಟಿಯಲ್ಲಿ ಲೇಟೆನ್ಸಿ ಕಾಂಪೆನ್ಸೇಶನ್ ಅಂತ, ತಡವನ್ನು ಸರಿದೂಗಿಸುವ ಒಂದು ಸೆಟ್ಟಿಂಗ್ ಇದೆ. ರೆಕಾರ್ಡ್ ಆದ ದನಿಯನ್ನು ಅಷ್ಟು ಎಡಕ್ಕೆಳೆದು ಇಡುವ ಲೆಕ್ಕ. ಮೊದಲೇ ಮೈನಸ್ 130 ಮಿಲಿಸೆಕೆಂಡ್ ಅಂತ ಇರುತ್ತದೆ. ಅದಕ್ಕೆ ನಮ್ಮ 210 ಸೇರಿಸಿ ಮೈನಸ್ 340 ಮಾಡು ಅಂತ ಹುಡುಗನಿಗೆ ಹೇಳಿದೆ. ಅವತ್ತು ರಾತ್ರಿಯ ಟೇಕ್ ಚೆನ್ನಾಗಿ ಕೂತಿತು. ಎಲ್ಲರಿಗೂ ಖುಷಿ. ಮಾರನೇ ದಿನದ್ದು ಮತ್ತೆ ಆಚೀಚೆ. ಅದರ ಮಾರನೇ ದಿನದ್ದು ಇನ್ನೊಂದು ತರ. ಒಂದು ಟೇಕಿನಲ್ಲಂತೂ ನಡುವೆ ಒಂದು ಕಡೆ ಹೆಡ್‌ಫೋನು ಕ್ಷಣ ಹೊತ್ತು ಕಟ್ ಆಗಿ ಮತ್ತೆ ಬಂದಿದೆ. ಅಲ್ಲಿಂದ ಮುಂದೆ ತಡದ ಲೆಕ್ಕವೇ ಬದಲಾಗಿದೆ.

ಇದರ ಜೊತೆಗೆ ಇನ್ನೊಂದು ದೂರು. “ನನ್ನ ದನಿ ನಂಗೇ ಹಿಂದಿನಿಂದ ಬರ್ತಾ ಇದೆ. ಯಾರೋ ಅಣಕಿಸಿದ ಹಾಗೆ.” ವಿಚಾರಿಸಿದರೆ, ದೊಡ್ಡಮ್ಮನಿಗೆ ತಮ್ಮ ದನಿ ಕೇಳಲಿ ಅಂತ ಹುಡುಗ ಅಡಾಸಿಟಿಯಲ್ಲಿ ಪ್ಲೇಥ್ರೂ ಆನ್ ಮಾಡಿದ್ದಾನೆ. ಹಾಡಿದ ದನಿ ಮೈಕಿನಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ಬ್ಲೂಟೂತಿನಲ್ಲಿ ಕಿವಿಗೆ. ಕಾಲು ಸೆಕೆಂಡಿನ ಹತ್ತಿರ ತಡ. ಇದು ಬರೀ ಕಿರಿಕಿರಿಯಲ್ಲ. 1950ರಲ್ಲೇ ಬರ್ನಾರ್ಡ್ ಲೀ ಎಂಬವರು ಇದನ್ನು ಬರೆದಿಟ್ಟಿದ್ದಾರೆ. ಮಾತಾಡುವವರಿಗೆ ಅವರದೇ ದನಿಯನ್ನು ತುಸು ತಡ ಮಾಡಿ ಕೇಳಿಸಿದರೆ ಮಾತು ನಿಧಾನವಾಗುತ್ತದೆ, ತೊದಲುತ್ತದೆ, ಸ್ವರ ಎಳೆಯುತ್ತದೆ. ಇನ್ನೂರು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಇದರ ಕಾಟ ಅತಿ ಹೆಚ್ಚು. ನಮ್ಮ ಮೇಡಂ ಕೂತಿದ್ದು ಅದೇ ಜಾಗದಲ್ಲಿ. ಚರಣದಲ್ಲಿ ಅವರು ಎಳೆಯುತ್ತಿದ್ದುದು ಅಭ್ಯಾಸದಿಂದ ಅಲ್ಲ.

ಹುಡುಗನೂ ತನ್ನ ಕಡೆಯಿಂದ ಒಂದು ಪ್ರಯೋಗ ಮಾಡಿದ. ಮೈಕು, ಹೆಡ್‌ಫೋನು ಎರಡು ಬೇರೆ ಬೇರೆ ಇರುವುದೇ ತೊಂದರೆ ಇರಬಹುದು ಅಂತ ಹೆಡ್‌ಫೋನಿನಲ್ಲೇ ಇರುವ ಮೈಕಿನಲ್ಲಿ ರೆಕಾರ್ಡ್ ಮಾಡಿದ. ಫೈಲು ಕೇಳಿದರೆ ಟ್ರಂಕ್ ಕಾಲಿನಲ್ಲಿ ಹಾಡಿದ ಹಾಗಿದೆ. ಅದಕ್ಕೆ ಕಾರಣ ಇದೆ. ಬ್ಲೂಟೂತ್ ಹೆಡ್‌ಫೋನಿನ ಮೈಕು ಆನ್ ಆದ ಕೂಡಲೇ ಅದು ಸಾಮಾನ್ಯವಾಗಿ ಹಾಡು ಕೇಳುವ ಕ್ರಮ ಬಿಟ್ಟು ಫೋನಿನಲ್ಲಿ ಮಾತಾಡುವ ಕ್ರಮಕ್ಕೆ ಬರುತ್ತದೆ. ಅಲ್ಲಿ ಸ್ಟೀರಿಯೋ ಇಲ್ಲ. ಸ್ಯಾಂಪ್ಲಿಂಗ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದುಕೊಳ್ಳುತ್ತದೆ ಅನ್ನುವುದು, ಸಾಮಾನ್ಯವಾಗಿ 8 ಇಲ್ಲವೇ 16 ಕಿಲೋಹರ್ಟ್ಸ್. ಸಿಡಿಯದ್ದು 44.1 ಅಂತ ನೆನಪಿಟ್ಟುಕೊಂಡರೆ ಎಷ್ಟು ಕತ್ತರಿಸಿಹೋಗುತ್ತದೆ ಅಂತ ಗೊತ್ತಾಗುತ್ತದೆ. ‘ಸ’ ‘ಶ’ ಎರಡೂ ಒಂದೇ ತರ ಕೇಳುತ್ತಿದ್ದವು. ಸಂಗೀತದ ಮೇಡಂ ಅದನ್ನು ಸಹಿಸಿಯಾರೇ? ಆ ಪ್ರಯೋಗ ಅಲ್ಲಿಗೇ ಮುಗಿಯಿತು.

ಹೆಡ್‌ಫೋನಿನ ಆ್ಯಪಿನಲ್ಲಿ ತಡ ಕಡಿಮೆ ಮಾಡುವ ಗೇಮ್ ಮೋಡ್ ಅಂತ ಇತ್ತು. ಅದನ್ನೂ ಹಾಕಿಸಿದೆವು. ತಡ ಕಡಿಮೆಯಾಯಿತು, ಹೋಗಲಿಲ್ಲ.

ಇಷ್ಟಾಗಿ ಎಂಟು ದಿನ ಕಳೆದಿತ್ತು. ಮಳೆಗೆ ಮೂರು ರಾತ್ರಿ ಹೋಗಿದ್ದವು. ಮೇಡಂಗೆ ಗಂಟಲು ಕಟ್ಟಲು ಶುರುವಾಗಿತ್ತು. ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಒಂದು ಆಡಿಯೋ ಇಂಟರ್‌ಫೇಸು, ಅದಕ್ಕೊಂದು ಬೇರೆ ಮೈಕು ಕೊಳ್ಳಿ ಅಂತ ಹೇಳಲು ನಾನು ಬೆಲೆ ನೋಡುತ್ತಾ ಕೂತಿದ್ದೆ. ಹೇಳಿಬಿಟ್ಟಿದ್ದರೆ ಅವರಿಗೆ ಹದಿನೈದು ಸಾವಿರ ಸುಮ್ನೆ ಹೋಗುತ್ತಿತ್ತು.

ಶ್ರುತಿಗೆ ಹೊತ್ತುಗೊತ್ತಿಲ್ಲ

ಆ ರಾತ್ರಿ ಮಿಕ್ಸ್ ಆದ ಉಗಾಭೋಗವನ್ನು ಬೇರೇನೋ ಕೆಲಸಕ್ಕೆ ತೆರೆದೆ. ಅದೇ ಲ್ಯಾಪ್‌ಟಾಪು, ಅದೇ ಮೈಕು, ಅದೇ ಬ್ಲೂಟೂತ್ ಹೆಡ್‌ಫೋನು. ಇದರಲ್ಲಿ ತೊಂದರೆ ಯಾಕಿಲ್ಲ?

ಹೊಳೆದಾಗ ನನಗೇ ನಗು ಬಂತು. ತಂಬೂರಿ ಕಾಲು ಸೆಕೆಂಡ್ ತಡವಾಗಿ ಬಂದರೆ ಯಾರಿಗೆ ಗೊತ್ತಾಗುತ್ತದೆ? ಅವೇ ಸ್ವರಗಳನ್ನು ಹಿಡಿದು ನಿಂತಿರುತ್ತದೆ. ಎರಡು ಸೆಕೆಂಡ್ ತಡವಾದರೂ ಷಡ್ಜ ಷಡ್ಜವೇ. ಉಗಾಭೋಗಕ್ಕೆ ತಾಳವೂ ಇಲ್ಲ. ಹಾಗಾಗಿ ಅಲ್ಲಿ ತಡ ಇತ್ತು, ಆದರೆ ಅದನ್ನು ತೋರಿಸಿಕೊಡಲು ಏನೂ ಇರಲಿಲ್ಲ. ತಬಲಾ ಬಂದ ದಿನ ಅದು ಬಯಲಿಗೆ ಬಿತ್ತು. ಲ್ಯಾಪ್‌ಟಾಪು ನಿಧಾನವಾಗಿರಲಿಲ್ಲ. ಮೇಡಂ ತಬಲಾ ಕೇಳಿದ ಕ್ಷಣಕ್ಕೆ ಸರಿಯಾಗಿಯೇ ಹಾಡುತ್ತಿದ್ದರು. ಅವರಿಗೆ ತಬಲಾ ಕೇಳುತ್ತಿದ್ದುದೇ ತಡವಾಗಿ.

ಅನುಮಾನ ಬಂದ ಮೇಲೆ ಅಳೆಯುವುದು ಕಷ್ಟವಲ್ಲ. ಮಾರನೇ ದಿನ ಹುಡುಗನಿಗೆ ವಿಡಿಯೋ ಕಾಲ್ ಮಾಡಿದೆ. ಅಡಾಸಿಟಿಯಲ್ಲಿ ಒಂದು ಟ್ರ್ಯಾಕಿನಲ್ಲಿ ಬರೀ ಕ್ಲಿಕ್ ಹಾಕಿಸಿದೆ, ಟಕ್ ಟಕ್ ಅಂತ. ಹೆಡ್‌ಫೋನಿನ ಒಂದು ಕಿವಿಯನ್ನು ಮೈಕಿನ ಬಾಯಿಗೆ ಒತ್ತಿ ಹಿಡಿ ಅಂದೆ. ಕ್ಲಿಕ್ ಪ್ಲೇ ಮಾಡುತ್ತಲೇ ಎರಡನೇ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡು. ಆಮೇಲೆ ಎರಡನ್ನೂ ದೊಡ್ಡದು ಮಾಡಿ ನೋಡು. ಮೇಲಿನ ಮುಳ್ಳಿಗೂ ಕೆಳಗಿನ ಮುಳ್ಳಿಗೂ ನಡುವಿನ ಅಂತರವೇ ತಡ.

ಸೆಟ್ಟಿಂಗನ್ನು ವಾಪಸ್ ಮೈನಸ್ 130ಕ್ಕೆ ತಂದಿದ್ದೆವು. ಮೊದಲ ಸಲ 212 ಬಂತು. ಹೆಡ್‌ಫೋನು ಆಫ್ ಮಾಡಿ ಮತ್ತೆ ಆನ್ ಮಾಡಿಸಿದೆ, 236. ಇನ್ನೊಮ್ಮೆ, 198. ಗೇಮ್ ಮೋಡಿನಲ್ಲಿ 90ರ ಮೇಲೆ. ದಿನಕ್ಕೊಂದು ಲೆಕ್ಕ ಯಾಕೆ ಬರುತ್ತಿತ್ತು ಅಂತ ಆಗ ಅರ್ಥವಾಯಿತು. ಪ್ರತಿ ಸಲ ಕನೆಕ್ಟ್ ಆದಾಗಲೂ ಬೇರೆ. ಇಂಥದ್ದಕ್ಕೆ ಒಂದು ಸಂಖ್ಯೆ ಹಾಕಿ ಸರಿಪಡಿಸಲು ಹೋದರೆ ಓಡುವ ಬಸ್ಸಿಗೆ ಅಳತೆಟೇಪು ಹಿಡಿದ ಹಾಗೆ.

ಈ ತಡ ಎಲ್ಲಿಂದ ಬರುತ್ತದೆ ಅಂದರೆ, ಬ್ಲೂಟೂತು ಸದ್ದನ್ನು ಹಾಗೇ ಕಳಿಸುವುದಿಲ್ಲ. ಮೊದಲು ಕುಗ್ಗಿಸುತ್ತದೆ, ಸಣ್ಣ ಸಣ್ಣ ಕಟ್ಟು ಕಟ್ಟುತ್ತದೆ, ಗಾಳಿಯಲ್ಲಿ ಕಳಿಸುತ್ತದೆ. ವೈಫೈ ಕೂಡ ಅದೇ 2.4 ಗಿಗಾಹರ್ಟ್ಸ್ ಬೀದಿಯಲ್ಲಿ ಓಡಾಡುವುದರಿಂದ ದಾರಿಯಲ್ಲಿ ಕೆಲವು ಕಟ್ಟು ಕಳೆದುಹೋಗುತ್ತವೆ, ಮತ್ತೆ ಕಳಿಸಬೇಕು. ಹಾಡು ನಡುವೆ ನಿಲ್ಲಬಾರದು ಅಂತ ಹೆಡ್‌ಫೋನು ಸ್ವಲ್ಪ ಸದ್ದನ್ನು ಮುಂಚೆಯೇ ಕೂಡಿಟ್ಟುಕೊಂಡು ಆಮೇಲೆ ಬಿಡುತ್ತದೆ. ಹಾಡು ಕೇಳುವವರಿಗೆ ಇದು ಉಪಕಾರ. ವಿಡಿಯೋ ನೋಡುವಾಗಲೂ ನಮಗೆ ಗೊತ್ತಾಗುವುದು ಕಡಿಮೆ, ಯಾಕೆಂದರೆ ಎಷ್ಟೋ ಪ್ಲೇಯರುಗಳು ಚಿತ್ರವನ್ನೂ ಅಷ್ಟೇ ತಡ ಮಾಡಿ ತೋರಿಸುತ್ತವೆ. ಹಾಡುವವರನ್ನು ಯಾರು ತಡ ಮಾಡುತ್ತಾರೆ?

ಮೇಡಂಗೆ ಇದನ್ನು ಹೇಳಬೇಕಿತ್ತು. ಮಿಲಿಸೆಕೆಂಡ್ ಅಂದರೆ ಅವರಿಗೆ ಬೇಜಾರು. ಹಾಗಾಗಿ ದೂರದ ಲೆಕ್ಕದಲ್ಲಿ ಹೇಳಿದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಇನ್ನೂರು ಮಿಲಿಸೆಕೆಂಡಿಗೆ ಸುಮಾರು 69 ಮೀಟರ್. “ನೀವು ದೇವಸ್ಥಾನದೊಳಗೆ ಕೂತು ಹಾಡ್ತಾ ಇದೀರಿ. ತಬಲಾದವರು ರಥಬೀದಿಯ ಆ ಕೊನೆಯಲ್ಲಿ ಕೂತಿದಾರೆ. ಅವರ ಪೆಟ್ಟು ಕೇಳಿಸಿಕೊಂಡು ನೀವು ಎತ್ಕೋಬೇಕು.”

“ಅಷ್ಟು ದೂರ ಕೂತ್ಕೊಂಡ್ರೆ ಯಾರು ಹಾಡ್ತಾರೆ?” ಅಂದರು. ಆಮೇಲೆ ತುಸು ಬಿಟ್ಟು, “ಮತ್ತೆ ಅವತ್ತು ನೀವು ನನ್ನ ಎಡುಪು ತಪ್ಪು ಅಂದಿದ್ದು?”

ತಪ್ಪಾಯಿತು ಅಂದೆ. ಬೇರೇನು ಹೇಳುವುದು?

ಮೈಕಿನ ಬುಡದ ತೂತು

ವೈರಿನ ಹೆಡ್‌ಫೋನು ಲ್ಯಾಪ್‌ಟಾಪಿಗೆ ಹಾಕೋಣ ಅಂತ ಶುರು ಮಾಡಿದೆವು. ಹಾಕುವ ಮುಂಚೆ ಸುಮ್ನೆ ಒಂದು ಮಾತು ಕೇಳಿದೆ, ಮೈಕನ್ನು ತಲೆಕೆಳಗು ಮಾಡಿ ತೋರಿಸು ಅಂತ. ಹುಡುಗ ತೋರಿಸಿದ. ಬುಡದಲ್ಲಿ ಯುಎಸ್‌ಬಿ ವೈರಿನ ಪಕ್ಕ ಒಂದು ಸೆಲ್ಲೋಟೇಪಿನ ಚೂರು.

“ಅದೇನು?”

“ಅಲ್ಲೊಂದು ತೂತಿದೆ ಅಣ್ಣ. ಧೂಳು ಹೋಗತ್ತೆ ಅಂತ ದೊಡ್ಡಮ್ಮ ಟೇಪ್ ಹಚ್ಚಿದಾರೆ.”

ಟೇಪ್ ಕಿತ್ತರೆ 3.5 ಮಿಲಿಮೀಟರಿನ ಹೆಡ್‌ಫೋನ್ ಜಾಕು. ಬಹಳಷ್ಟು ಯುಎಸ್‌ಬಿ ಮೈಕುಗಳಲ್ಲಿ ಇದು ಇರುತ್ತದೆ. ಹಾಡುವವರ ದನಿ ಲ್ಯಾಪ್‌ಟಾಪಿಗೆ ಹೋಗಿ ಬರುವುದೇ ಬೇಡ, ಮೈಕಿನೊಳಗಿಂದಲೇ ನೇರವಾಗಿ ಕಿವಿಗೆ ಬರುತ್ತದೆ. ವಿಂಡೋಸಿನ ಸೌಂಡ್ ಸೆಟ್ಟಿಂಗಿನಲ್ಲಿ ಔಟ್‌ಪುಟ್ ಅಂತ ಈ ಮೈಕನ್ನೇ ಆರಿಸಿದರೆ ಟ್ರ್ಯಾಕೂ ಅದೇ ತೂತಿನಲ್ಲಿ ಕೇಳುತ್ತದೆ. ಪ್ಲೇಥ್ರೂ ಆಫ್ ಮಾಡಿಬಿಡಬೇಕು, ಇಲ್ಲದಿದ್ದರೆ ದನಿ ಎರಡೆರಡು ಸಲ ಕೇಳುತ್ತದೆ. ಇಷ್ಟು ದಿನ ಪರಿಹಾರ ಟೇಪಿನ ಕೆಳಗೇ ಇತ್ತು.

ಡ್ರಾಯರಿನಲ್ಲಿ ಹಳೇ ಮೊಬೈಲಿನ ಇಯರ್‌ಫೋನು ಸಿಕ್ಕಿತು. ಬಲಗಿವಿಯದ್ದು ಸತ್ತಿತ್ತು. ಎಡದ್ದು ಸಾಕು ಅಂದೆ. ಮತ್ತೆ ಕ್ಲಿಕ್ ಪರೀಕ್ಷೆ. ಮೂರು ಸಲ ಮಾಡಿಸಿದೆ. ಮೂರೂ ಸಲ ಅಂತರ ಒಂದೇ, ಅದೂ ಕೆಲವೇ ಮಿಲಿಸೆಕೆಂಡು. ಆ ಚೂರನ್ನು ಕಾಂಪೆನ್ಸೇಶನ್ನಿನಲ್ಲಿ ಒಮ್ಮೆ ಸರಿಮಾಡಿದೆವು. ಆಮೇಲೆ ಅದನ್ನು ಯಾರೂ ಮುಟ್ಟಲಿಲ್ಲ. ಐದು ಮಿಲಿಸೆಕೆಂಡ್ ಅಂದರೆ 1.7 ಮೀಟರ್. ಕಛೇರಿಯಲ್ಲಿ ತಬಲಾದವರು ಪಕ್ಕದಲ್ಲಿ ಕೂರುವಷ್ಟು ದೂರ.

ಅವತ್ತು ರಾತ್ರಿ ಮೇಡಂ ಮೊದಲ ದೇವರನಾಮವನ್ನು ಎರಡು ಟೇಕಿನಲ್ಲಿ ಮುಗಿಸಿದರು. ನಾನು ದನಿಯನ್ನು ಒಂದು ಕೂದಲೂ ಸರಿಸಲಿಲ್ಲ.

ವೈರಿನದ್ದೂ ರಗಳೆ ಇದೆ

ಇಲ್ಲಿಗೆ ನಿಲ್ಲಿಸಿದರೆ ‘ವೈರ್ ಹಾಕಿದರೆ ಎಲ್ಲ ಸರಿ’ ಅಂತ ಆಗುತ್ತದೆ. ಹಾಗೇನೂ ಆಗಲಿಲ್ಲ. ಅರ್ಧ ಸತ್ತ ಇಯರ್‌ಫೋನಿನಲ್ಲಿ ಎಷ್ಟು ದಿನ ಅಂತ ನನ್ನ ಹತ್ತಿರ ಇದ್ದ ಬೈಯರ್‌ಡೈನಮಿಕ್ ಡಿಟಿ 770 ಪ್ರೊ ಹೆಡ್‌ಫೋನನ್ನು ಕೊರಿಯರ್ ಮಾಡಿದೆ. ಒಳ್ಳೇ ಹೆಡ್‌ಫೋನು. ಆದರೆ ನನ್ನದರ ವಿದ್ಯುತ್ ತಡೆ ಜಾಸ್ತಿ, 250 ಓಮ್. ಅದಕ್ಕೆ ತಕ್ಕ ಶಕ್ತಿ ಕೊಡುವ ಯಂತ್ರ ಬೇಕು. ಮೈಕಿನ ಬುಡದ ಜಾಕಿಗೆ ಅಷ್ಟು ದಮ್ಮಿಲ್ಲ. ಪೂರ್ತಿ ಏರಿಸಿದರೂ ತಬಲಾ ಪಕ್ಕದ ಮನೆಯಲ್ಲಿ ಬಾರಿಸಿದ ಹಾಗೆ ಕೇಳುತ್ತಿತ್ತಂತೆ. ಇದು ನನ್ನ ಎರಡನೇ ತಪ್ಪು. ಕಳಿಸುವ ಮುಂಚೆ ಎರಡು ನಿಮಿಷ ಯೋಚಿಸಿದ್ದರೆ ಕೊರಿಯರ್ ದುಡ್ಡು ಉಳಿಯುತ್ತಿತ್ತು.

ಕೊನೆಗೆ ಆಡಿಯೋ ಟೆಕ್ನಿಕಾದ ಎಟಿಎಚ್ ಎಂ20ಎಕ್ಸ್ ಕೊಂಡರು. 47 ಓಮ್, ಸಣ್ಣ ಜಾಕಿನಲ್ಲೂ ಸಾಕಷ್ಟು ಜೋರಾಗಿ ಕೇಳುತ್ತದೆ. ಕಿವಿ ಪೂರ್ತಿ ಮುಚ್ಚುವ ಕ್ಲೋಸ್ಡ್ ಬ್ಯಾಕ್. ಅಂಗಡಿಯಲ್ಲಿ ಓಪನ್ ಬ್ಯಾಕ್ ತೋರಿಸಿ ಇದು ಇನ್ನೂ ಚೆನ್ನಾಗಿ ಕೇಳುತ್ತೆ ಅಂದರಂತೆ. ಕೇಳುವುದೇನೋ ನಿಜ. ಆದರೆ ಅದರ ಬೆನ್ನಿನಿಂದ ಸದ್ದು ಹೊರಗೂ ಬರುತ್ತದೆ, ಕಂಡೆನ್ಸರ್ ಮೈಕು ಅದನ್ನು ಬಿಡದೆ ಹಿಡಿಯುತ್ತದೆ. ಮಿಕ್ಸಿಂಗಿಗೆ ಸರಿ, ಹಾಡಲು ಬೇಡ.

ಈ ಮಾಡೆಲಿನ ಇನ್ನೊಂದು ಗುಣ ಇಲ್ಲಿ ಕೆಲಸಕ್ಕೆ ಬಂತು. ವೈರು ಎಡಗಡೆಯ ಕಿವಿಯಿಂದ ಮಾತ್ರ ಇಳಿಯುತ್ತದೆ. ಬಲಗೈ ತಾಳಕ್ಕೆ ಪೂರ್ತಿ ಖಾಲಿ. ಮೇಡಂ ವೈರ್‌ಲೆಸ್ ಬೇಕು ಅಂದಿದ್ದು ಅದಕ್ಕೇ ಅಲ್ವಾ?

ಹೊಸ ಹೆಡ್‌ಫೋನಿನ ಮೊದಲ ಫೈಲಿನಲ್ಲಿ ದನಿಯ ಹಿಂದೆ ಸಣ್ಣಗೆ ತಬಲಾ ಕೇಳುತ್ತಿತ್ತು. ಕ್ಲೋಸ್ಡ್ ಬ್ಯಾಕಿನಲ್ಲಿ ಹೇಗೆ ಬಂತು? ಬಹಳ ಹಾಡುಗಾರರಂತೆ ಮೇಡಂ ಕೂಡ ಬಲಗಿವಿಯದ್ದನ್ನು ಹಿಂದಕ್ಕೆ ಸರಿಸಿ, ತಮ್ಮ ದನಿಯನ್ನು ಕೋಣೆಯಲ್ಲೇ ಕೇಳಿಸಿಕೊಳ್ಳುತ್ತಿದ್ದರು. ತೆರೆದಿಟ್ಟ ಆ ಕಡೆಯಿಂದ ತಬಲಾ ಸೀದಾ ಮೈಕಿಗೆ. ಹಳೇ ಇಯರ್‌ಫೋನಿನಲ್ಲಿ ಈ ರಗಳೆ ಇರಲಿಲ್ಲ, ಯಾಕೆಂದರೆ ಅದರ ಬಲಗಿವಿ ಸತ್ತೇ ಇತ್ತು. ಎರಡೂ ಕಿವಿ ಮುಚ್ಚಿಕೊಳ್ಳಿ ಅಂತ ಹೇಳಲು ಬಾಯಿ ತೆರೆದವನು ತಡೆದುಕೊಂಡೆ. ಎಡುಪಿನ ಪಾಠ ನೆನಪಿತ್ತು. ಬದಲಿಗೆ ಹುಡುಗನಿಗೆ ಹೇಳಿ ರೆಕಾರ್ಡ್ ಮಾಡುವಾಗ ಟ್ರ್ಯಾಕನ್ನು ಪ್ಯಾನ್ ಮಾಡಿ ಪೂರ್ತಿ ಎಡಕ್ಕೆ ತಳ್ಳಿಸಿದೆ. ಬಲಗಡೆ ಅವರದೇ ದನಿ ಬಿಟ್ಟು ಬೇರೇನೂ ಇಲ್ಲ. ಅದು ಸೋರಿದರೂ ನಷ್ಟವಿಲ್ಲ.

ಆಮೇಲೆ ವೈರು ಸೆರಗಿಗೆ ಉಜ್ಜುವ ಸದ್ದು. ಸರ್ ಸರ್ ಅಂತ. ಮೂರು ಮೀಟರ್ ವೈರು, ಬಿಚ್ಚಿ ಬೇರೆ ಹಾಕುವ ಹಾಗಿಲ್ಲ. ಉಳಿದದ್ದನ್ನು ಸುರುಳಿ ಸುತ್ತಿ ಬೆನ್ನ ಹಿಂದೆ ಬಿಟ್ಟು, ರವಿಕೆಯ ಹಿಂಭಾಗಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಿಕ್ಕಿಸಿದರು. ಅದು ಮೇಡಂ ಉಪಾಯ. ಬಳೆ ತೆಗೆದಿಡುವುದು ಮೊದಲ ದಿನದಿಂದಲೇ ನಡೆದಿತ್ತು.

ಈಗ ನಾನು ಕೇಳುವ ಪ್ರಶ್ನೆ

ಯಾರಾದರೂ ‘ಹಾಡು ಟ್ರ್ಯಾಕಿಗೆ ಕೂರುತ್ತಿಲ್ಲ’ ಅಂದರೆ ಈಗ ಮೊದಲು ಕೇಳುವುದು ಕಿವಿಯಲ್ಲಿ ಏನಿತ್ತು, ಅದು ಯಾವ ದಾರಿಯಲ್ಲಿ ಬಂತು ಅಂತ. ಹೇಗೆ ಹಾಡಿದಿರಿ ಅನ್ನುವುದು ಆಮೇಲೆ. ಕ್ಲಿಕ್ ಪರೀಕ್ಷೆ ಮೊದಲ ಫೈಲಿಗಿಂತ ಮುಂಚೆಯೇ ಮಾಡಿಸುತ್ತೇನೆ. ಹತ್ತು ನಿಮಿಷದ ಕೆಲಸ.

ವೈರ್‌ಲೆಸ್ ಅಂದಕೂಡಲೇ ಬೇಡ ಅನ್ನುವವನೂ ಅಲ್ಲ. ದೊಡ್ಡ ವೇದಿಕೆಗಳಲ್ಲಿ ಹಾಡುವವರು ಕಿವಿಯೊಳಗೆ ಹಾಕಿಕೊಳ್ಳುವ ಮಾನಿಟರುಗಳೂ ವೈರ್‌ಲೆಸ್ಸೇ. ಅವು ಬ್ಲೂಟೂತ್ ಅಲ್ಲ, ಅನಲಾಗ್ ರೇಡಿಯೋ ಆದರೆ ತಡ ಇಲ್ಲವೆನ್ನುವಷ್ಟು ಕಡಿಮೆ. ಬ್ಲೂಟೂತಿನಲ್ಲೂ ಆಪ್ಟ್ಎಕ್ಸ್ ಲೋ ಲೇಟೆನ್ಸಿ ಅಂತ 40 ಮಿಲಿಸೆಕೆಂಡಿನ ಹತ್ತಿರ ಬರುವ ಬಗೆ ಇದೆ, ಆದರೆ ಕಳಿಸುವ ಕಡೆ ಮತ್ತು ಕೇಳುವ ಕಡೆ ಎರಡರಲ್ಲೂ ಅದು ಇರಬೇಕು. 2020ರಲ್ಲಿ ಘೋಷಣೆಯಾದ ಎಲ್‌ಇ ಆಡಿಯೋ ಅನ್ನುವ ಬ್ಲೂಟೂತಿನ ಹೊಸ ಬಗೆ ಇನ್ನೂ ಕಡಿಮೆ ಮಾಡಬಲ್ಲದು. ಮುಂದೊಂದು ದಿನ ಈ ಬರಹ ಹಳೆಯದಾಗಬಹುದು, ಆಗಲಿ. ಆದರೆ 40 ಮಿಲಿಸೆಕೆಂಡೂ ಹಾಡುವವರಿಗೆ ಸಣ್ಣದಲ್ಲ. ತಬಲಾ ಹದಿಮೂರು ಹದಿನಾಲ್ಕು ಮೀಟರ್ ದೂರ ಇದ್ದ ಹಾಗೆ.

ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಉತ್ತರ. ಬರೀ ಶ್ರುತಿಗೆ ಹಾಡುತ್ತೀರಾ, ನಿಮ್ಮ ದನಿಯನ್ನು ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳುವುದಿಲ್ಲವಾ, ಇರುವ ಬ್ಲೂಟೂತೇ ಸಾಕು. ಕಥೆ ಓದಿ ರೆಕಾರ್ಡ್ ಮಾಡುವವರಿಗೂ ಹಾಗೇ. ಟ್ರ್ಯಾಕು, ಕ್ಲಿಕ್ಕು, ತಬಲಾ, ಇನ್ನೊಬ್ಬರ ದನಿ, ಹೀಗೆ ಹೊತ್ತಿಗೆ ಸರಿಯಾಗಿ ಏನಾದರೂ ಬರಬೇಕಿದ್ದರೆ ವೈರು. ದುಬಾರಿ ವೈರ್‌ಲೆಸ್ಸಿಗಿಂತ ಡ್ರಾಯರಿನ ಹಳೇ ಇಯರ್‌ಫೋನು ಅಲ್ಲಿ ಮೇಲು.

ಮೇಡಂ ಬ್ಲೂಟೂತ್ ಹೆಡ್‌ಫೋನು ಬೀರು ಸೇರಲಿಲ್ಲ. ನಾನು ಮಿಕ್ಸ್ ಕಳಿಸಿದರೆ ಅವರು ಅದನ್ನು ಹಾಕಿಕೊಂಡು ಅಡುಗೆ ಮಾಡುತ್ತಾ ಕೇಳುತ್ತಾರೆ. ದೋಸೆ ಹುಯ್ಯುವ ಹೊತ್ತಿನಲ್ಲಿ ಬರುವ ಮೆಸೇಜುಗಳು ತುಂಬಾ ಖಡಕ್ಕು: ‘ಎರಡನೇ ಚರಣದಲ್ಲಿ ತಬಲಾ ಜಾಸ್ತಿ.’ ನೋಡಿದರೆ ನಿಜವಾಗಿಯೂ ಜಾಸ್ತಿ ಇರುತ್ತದೆ.

ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮುಂಚೆ ಆರೂ ಹಾಡು ಮುಗಿದವು. ನಾಲ್ಕನೆಯದರಲ್ಲಿ ಒಂದು ಕಡೆ, ಸೊಲ್ಲು ಮುಗಿದು ತಬಲಾ ಮುಕ್ತಾಯ ಬರುವ ಮುಂಚಿನ ಖಾಲಿಯಲ್ಲಿ, ಸೆರಗಿನ ಸರ್ ಅನ್ನುವ ಸದ್ದು ಉಳಿದಿದೆ. ಕ್ಲಿಪ್ಪು ಬರುವ ಮುಂಚಿನ ಟೇಕು ಅದು. ತೆಗೆಯಲು ಹೋದರೆ ದನಿಯ ಬಾಲವೂ ಕತ್ತರಿಸಿಹೋಗುತ್ತಿತ್ತು. ಮತ್ತೆ ಹಾಡುತ್ತೀರಾ ಅಂತ ಕೇಳಿದೆ. “ಬೇಡ, ಎಡುಪು ಸರಿಯಾಗಿ ಬಿದ್ದಿದೆ, ಬಿಡಿ” ಅಂದರು.